‘ಅಣ್ಣನ್ನ ಬರಸೋದೈತಿ, ಬಾ’

ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಬ್ಯಾಂಕು, ಪಿಂಚಣಿ, ಖಾತೆ ಬದಲಾವಣೆ ಅಂತ ಮರಣ ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ಓಡಾಡಿದ್ದೇ ಬಂತು. ಕೂತು ಅಳೋಕೂ ಪುರುಸೊತ್ತಿರಲಿಲ್ಲ. ಆಗ ಸವದತ್ತಿ ಹತ್ತಿರದ ನಮ್ಮೂರಿಂದ ಕಾಕಾ ಫೋನ್ ಮಾಡಿದರು. ‘ಹೆಳವರು ಬಂದಾರವ್ವ. ಅಣ್ಣನ್ನ ಬರಸೋದೈತಿ, ಬಾ.’

ಉತ್ತರ ಕರ್ನಾಟಕದ ಎಷ್ಟೋ ಮನೆತನಗಳ ವಂಶಾವಳಿ ಉಳಿದಿರುವುದು, ಊರೂರು ತಿರುಗಿ ಅದನ್ನು ಹೇಳುವ, ಬರೆದಿಡುವ ಹೆಳವರ ಬಾಯಲ್ಲಿ, ಹೊತ್ತಿಗೆಯಲ್ಲಿ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ಯಾವ ಹೆಳವರಿಗೆ ಯಾವ ಮನೆ ಅನ್ನೋದು ತಲೆಮಾರುಗಳಿಂದ ನಡೆದುಬಂದದ್ದು. ನಿಮ್ಮ ಮನೆಗೆ ಯಾರು ಬರುತ್ತಾರೆ ಅಂತ ಊರಿನ ಹಿರಿಯರನ್ನೇ ಕೇಳಬೇಕು. ನಾನು ಮನೆಯ ಮದುವೆ, ಹೆರಿಗೆ, ಸಾವುಗಳನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಒಳ್ಳೇದೇ ಆಯ್ತು. ಅಲ್ಲಿ ಕೂತಾಗ ಅಪ್ಪ ಹುಟ್ಟಿದ ವರ್ಷವೂ ನೆನಪಾಗಲಿಲ್ಲ.

ಪಡಸಾಲೆಯಲ್ಲಿ ಕಂಬಳಿ ಹಾಸಿದೆವು. ಹೆಳವರ ಅಜ್ಜ ಕೆಂಪು ಬಟ್ಟೆ ಬಿಚ್ಚಿ ಉದ್ದನೆಯ ಹೊತ್ತಿಗೆ ತೆಗೆದರು. ಹಾಳೆಗಳ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಆದರೆ ಅದನ್ನು ನೋಡದೆಯೇ ರಾಗವಾಗಿ ಹೇಳತೊಡಗಿದರು. ನಮ್ಮವರು ಮೂಲ ಬಾದಾಮಿ ಕಡೆಯವರಂತೆ. ದೊಡ್ಡ ಬರದಲ್ಲಿ ದನ ಹೊಡೆದುಕೊಂಡು ಮಲಪ್ರಭೆಯ ಗುಂಟ ಮೇಲಕ್ಕೆ ಬಂದರಂತೆ. 1876–78ರ ಬರವೇ ಇರಬೇಕು, ಬಾದಾಮಿ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ಅದು ಹಿಂಡಿಹಾಕಿತ್ತು.

ಒಂದೊಂದೇ ತಲೆ ಇಳಿದು ಅಪ್ಪನ ಹೆಸರಿಗೆ ಬಂದಾಗ ಅಜ್ಜ ನಿಲ್ಲಿಸಿದರು. ‘ಯಾವತ್ತ್ ಹ್ವಾದ್ರವ್ವ?’ ತಿಂಗಳು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅವರು ಪೆನ್ನು ಹಿಡಿದು ಸುಮ್ನೆ ಕಾದರು. ಐದು ತಿಂಗಳಲ್ಲಿ ಯಾವ ಕೌಂಟರಿನಲ್ಲೂ ಯಾರೂ ಹಾಗೆ ಕಾದಿರಲಿಲ್ಲ. ಅಳು ಬಂದೇಬಿಟ್ಟಿತು. ಕಾಕಾ ಬೆನ್ನು ಸವರುತ್ತಾ ಕೂತರು.

ಹೊತ್ತಿಗೆಯಲ್ಲಿ ನಮ್ಮ ಮನೆತನದ ಹಾಳೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಒಂದೂ ಇರಲಿಲ್ಲ. ಚುಚ್ಚಿದಂತಾಯ್ತು. ಕೊನೆಯ ಮೂರು ವರ್ಷ ಅಪ್ಪನನ್ನು ನೋಡಿಕೊಂಡವಳು ನಾನು ಅಲ್ವಾ? ‘ನನ್ನ ಹೆಸರೂ ಬರೀರಿ ಅಜ್ಜಾರ’ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಅಪ್ಪನ ಹೆಸರಿನ ಕೆಳಗೇ ಬರೆದರು. ‘ನಿಮ್ಮ ಅತ್ತಿಗೋಳ್ದೂ ಬರಕೊಂಡ್ ಇಡವ್ವ, ಮುಂದಿನ ಸಲ ಹಚ್ಚೋಣು.’ ಜೋಳ, ಒಂದು ಧೋತರ, ಕೈಲಾದಷ್ಟು ದುಡ್ಡು ಕೊಟ್ಟು ಕಳಿಸಿದೆವು.

ಈಗ ದಿನಾ ಸಂಜೆ ಅತ್ತೆಯರಿಗೆ ಫೋನ್ ಮಾಡುತ್ತೇನೆ. ಹೆಸರು ಕೇಳಲು ಹೋದರೆ ಮಾತು ಅಪ್ಪನ ಕಡೆಗೇ ಹೊರಳುತ್ತದೆ. ನಿನ್ನೆ ಸಣ್ಣತ್ತೆ, ಅಪ್ಪ ಏಳನೇ ಇಯತ್ತೆ ಮುಗಿಸಿ ಊರು ಬಿಟ್ಟ ದಿನದ ಕಥೆ ಶುರುಮಾಡಿ, ಬಸ್ಸು ಬರುವ ಹೊತ್ತಿಗೆ ಅಳತೊಡಗಿದರು. ಉಳಿದದ್ದು ನಾಳೆ ಹೇಳುತ್ತೇನೆ ಅಂದಿದ್ದಾರೆ.