ಕಾಸರಗೋಡಿನಲ್ಲಿ ಮನೆ ರಿಪೇರಿ: ಕಂಟ್ರಾಕ್ಟರಿಗೆ ಮುಂಗಡ ಕೊಡುವ ಮೊದಲು

ಪುತ್ತೂರು, ಮಂಗಳೂರು ಕಡೆಯಿಂದ ಕೆಲಸಕ್ಕೆಂದೋ ಮದುವೆಯಾಗಿಯೋ ಕಾಸರಗೋಡಿಗೆ ಬಂದು ನೆಲೆಸಿದವರು ಮೊದಲು ಒಂದು ಮಲಯಾಳ ಪದ ಕಲಿತುಕೊಳ್ಳಿ: ‘ಪಣಿಕ್ಕೂಲಿ’. ಎಸ್ಟಿಮೇಟಿನಲ್ಲಿ ಹಾಗೆ ಬರೆದಿದ್ದರೆ ಆ ಮೊತ್ತ ಬರೀ ಕೆಲಸದ ಕೂಲಿ. ಸಿಮೆಂಟು, ಎಂ-ಸ್ಯಾಂಡ್, ಟೈಲ್ಸ್, ಪೈಪು ಎಲ್ಲ ನಿಮ್ಮ ಲೆಕ್ಕಕ್ಕೆ. ಕುಂಬಳೆಯ ಹಳೇ ಹೆಂಚಿನ ಮನೆಯ ಬಚ್ಚಲು ಹೊಸದಾಗಿ ಮಾಡಿಸುವಾಗ ನನಗೆ ಮಲಯಾಳ ಓದಲು ಬರುತ್ತಿರಲಿಲ್ಲ. ಬಾಯಿಮಾತಿಗೆ ತಲೆಯಾಡಿಸಿ ಅರ್ಧ ಹಣ ಕೊಟ್ಟೆ. ಮೂರನೇ ದಿನ ಟೈಲ್ಸ್ ಅಂಗಡಿಯ ಬಿಲ್ಲು ನನ್ನ ಕೈಗೆ ಬಂತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ, ಕಾಗದದಲ್ಲಿ ಆ ಪದ ಇದ್ದೇ ಇತ್ತು. ಜೂನಿನ ಮಳೆ ಹಿಡಿದಾಗ ಹೊರಗೋಡೆ ಒಸರತೊಡಗಿತು; ಆಗ ಮಾತ್ರ ಆತ ಫೋನೆತ್ತಲಿಲ್ಲ.

ಹಾಗಾಗಿ ಕರಾರನ್ನು ನಿಮಗೆ ಓದಲು ಬರುವ ಭಾಷೆಯಲ್ಲೇ ಬರೆಸಿ, ಇಬ್ಬರೂ ಸಹಿ ಹಾಕಿ. ಸಾಮಾನು ಯಾರದ್ದು, ಯಾವ ಬ್ರಾಂಡು, ಯಾವ ಹಂತಕ್ಕೆ ಎಷ್ಟು ಹಣ, ಮುಗಿಸುವ ತಾರೀಕು ಇವೆಲ್ಲ ಅದರಲ್ಲಿರಲಿ. ಒಂದು ಪಾಲನ್ನು ಮಳೆಗಾಲ ದಾಟುವವರೆಗೆ ಉಳಿಸಿಕೊಳ್ಳುವ ಮಾತನ್ನೂ ಸೇರಿಸಿ. ಇಲ್ಲಿನ ಕೆಂಪುಕಲ್ಲು ನೀರು ಹೀರುತ್ತದೆ; ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ನೆಲದಲ್ಲಿ ಒಂದು ದಿನ ಪೂರ್ತಿ ನೀರು ಕಟ್ಟಿ ನಿಲ್ಲಿಸಿ ನೋಡಿ. ಕಂಟ್ರಾಕ್ಟರು ತೋರಿಸುವ ಫೋಟೋ ನಂಬಬೇಡಿ. ಕಳೆದ ವರ್ಷ ಆತ ಮುಗಿಸಿದ ಮನೆಗೆ ಹೋಗಿ ಬಚ್ಚಲಿನ ಹೊರಗೋಡೆಗೆ ಕೈಯಿಟ್ಟು ನೋಡಿ, ಮನೆಯವರನ್ನು ಕೇಳಿ.

ಬಣ್ಣ, ಗಾರೆ, ಸಣ್ಣಪುಟ್ಟ ದುರಸ್ತಿಗೆ ಪರವಾನಗಿ ಬೇಡ. ಕೋಣೆ ಸೇರಿಸುವುದಾದರೆ ಪಂಚಾಯತಿನ ಪರ್ಮಿಟ್ ಬೇಕು. ‘ಆಮೇಲೆ ನೋಡಿಕೊಳ್ಳೋಣ’ ಅನ್ನುವವನಿಗೆ ಕೆಲಸ ಕೊಡಬೇಡಿ, ಆಮೇಲೆ ಕಚೇರಿ ಅಲೆಯುವವರು ನೀವು. ಅರ್ಜಿ ಹೋಗುವುದು ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ವ್ಯವಸ್ಥೆಯಾದ ಕೆ-ಸ್ಮಾರ್ಟ್ ಮೂಲಕ, ನೋಂದಾಯಿತ ಎಂಜಿನಿಯರ್ ಅಥವಾ ಸೂಪರ್‌ವೈಸರ್ ಕೈಯಿಂದ. ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕನ್ನು ಇಲ್ಲಿನ ಕನ್ನಡಿಗರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ದಯವಿಟ್ಟು ಬಳಸಿ, ಬಳಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಇನ್ನೊಂದು ಕೂಲಿ ಇದೆ, ‘ನೋಕ್ಕುಕೂಲಿ’. ಲಾರಿಯ ಸಾಮಾನು ನಿಮ್ಮವರೇ ಇಳಿಸಿದರೂ ನೋಡುತ್ತ ನಿಂತವರು ಕೇಳುವ ಹಣ. 2018ರಲ್ಲಿ ಸರ್ಕಾರ ಅದನ್ನು ನಿಷೇಧಿಸಿದೆ, ಕೊಡಬೇಕಾಗಿಲ್ಲ. ಸಾಮಾನು ಇಳಿಸುವ ಕೂಲಿ ಯಾರು ಕೊಡಬೇಕು ಎಂಬುದನ್ನು ಮಾತ್ರ ಕರಾರಿನಲ್ಲೇ ಬರೆಸಿ.

ಕೆಲಸ ಕೆಟ್ಟರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ಕೇಳಿಕೊಳ್ಳಬಹುದು. ನನ್ನ ಬಳಿ ಸಹಿಯಿದ್ದ ಕರಾರೂ ಇರಲಿಲ್ಲ, ಹಣ ಕೊಟ್ಟ ರಸೀದಿಯೂ ಇರಲಿಲ್ಲ. ನೀವು ಪ್ರತಿ ಕಂತನ್ನೂ ಬ್ಯಾಂಕಿನ ಮೂಲಕವೇ ಕೊಡಿ.