ಸಾಲ್‌ಪುರಿ ಕಲಿತದ್ದು: ಮೊದಲು ಉಸಿರು, ಆಮೇಲೆ ಕೈ

ಭರತನಾಟ್ಯ ಕಲಿತ ಕಾಲಿಗೆ ಕೊರಿಯಾದ ನೃತ್ಯ ಮೊದಲು ಹೇಳುವ ಮಾತು, ತಟ್ಟಬೇಡ ಅಂತ. ನಮ್ಮಲ್ಲಿ ಅರಮಂಡಿಯಲ್ಲಿ ಕೂತು ಪಾದ ಎತ್ತಿ ನೆಲಕ್ಕೆ ಹೊಡೆದರೆ ಗೆಜ್ಜೆ ಎಲ್ಲ ಲೆಕ್ಕವನ್ನೂ ಒಪ್ಪಿಸುತ್ತದೆ. ಇಲ್ಲಿ ಗೆಜ್ಜೆಯೇ ಇಲ್ಲ. ಕಾಲಿಗೆ ಬೊಸನ್ ಹಾಕುತ್ತಾರೆ. ಬಿಳಿ ಬಟ್ಟೆಯ ಕಾಲುಚೀಲ ಅದು, ಬೆರಳಿನ ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಆಮೇಲೆ ಅಂಗಾಲು, ಕೊನೆಗೆ ಬೆರಳು. ಸದ್ದಾಗಬಾರದು.

ನಾನು ಮೈಸೂರಿನಲ್ಲಿ ಕಲಿತವಳು, ಕೆಲಸದ ಮೇಲೆ ಕೊರಿಯಾದ ಸುವೊನ್‌ಗೆ ಬಂದವಳು. ಮನೆ ಹತ್ತಿರದ ಒಂದು ಪುಟ್ಟ ನೃತ್ಯಶಾಲೆಗೆ ಸೇರಿ, ಸಾಲ್‌ಪುರಿ ಅನ್ನುವ ಇಲ್ಲಿನ ಸಾಂಪ್ರದಾಯಿಕ ನೃತ್ಯ ಕಲಿಯತೊಡಗಿದೆ. ಜೊತೆಗೆ ಕಲಿಯುವವರಲ್ಲಿ ಹೆಚ್ಚಿನವರು ಐವತ್ತು ದಾಟಿದ ಹೆಂಗಸರು. ಮಕ್ಕಳು ದೊಡ್ಡವರಾದ ಮೇಲೆ ತಮಗೆ ಅಂತ ಸ್ವಲ್ಪ ಹೊತ್ತು ಸಿಕ್ಕವರು. ಅವರನ್ನೆಲ್ಲ ಒನ್ನಿ, ಅಂದರೆ ಅಕ್ಕ ಅಂತಲೇ ಕರೆಯುತ್ತೇನೆ. ಗುರುಗಳು ಸೊನ್‌ಸೆಂಗ್‌ನಿಮ್.

ಶುರುವಿನಲ್ಲಿ ಬರೀ ನಡಿಗೆ ಮತ್ತು ಉಸಿರು. ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡರೆ ಮೈ ತಾನಾಗಿ ಏಳಬೇಕು. ಬಿಟ್ಟಾಗ ಮಂಡಿ ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಇಳಿಯಬೇಕು. ಉಸಿರು ಹೊಟ್ಟೆಯಿಂದ ಎದೆಗೆ, ಎದೆಯಿಂದ ಭುಜಕ್ಕೆ ಬಂದು ಮುಟ್ಟಿದ ಮೇಲೆ ತೋಳು ಏಳುತ್ತದೆ. ಕೈ ಎಲ್ಲಕ್ಕಿಂತ ಕೊನೆ. ನಾಟ್ಯಾರಂಭಕ್ಕೆ ಕೈ ಚಾಚಿ ನಿಲ್ಲುವುದನ್ನು ಚಿಕ್ಕಂದಿನಿಂದ ಅಭ್ಯಾಸ ಮಾಡಿದವಳಿಗೆ ಇದು ಬೇರೆಯೇ ಲೋಕ. ನಮ್ಮ ಹಸ್ತಕ್ಕೆ ಅರ್ಥ ಇದೆ. ಪತಾಕ, ಅಲಪದ್ಮ, ಏನೋ ಒಂದನ್ನು ಹೇಳುತ್ತಿರುತ್ತದೆ. ಸಾಲ್‌ಪುರಿಯಲ್ಲಿ ಕೈ ಕಥೆ ಹೇಳುವುದಿಲ್ಲ. ಹಾಗಾದರೆ ಅರ್ಥ ಎಲ್ಲಿದೆ? ಉಸಿರು ನಿಲ್ಲುವ ಜಾಗದಲ್ಲಿ. ಗುರುಗಳು ಪದೇ ಪದೇ ಹೇಳುವುದು ಎರಡೇ ಮಾತು: ಬಿಗಿ, ಬಿಚ್ಚು.

ತಾಳ ಬೇಗ ಹತ್ತಿತು. ಅವರೂ ನಮ್ಮ ಹಾಗೆ ಬಾಯಲ್ಲಿ ಹೇಳಿಯೇ ಕಲಿಸುತ್ತಾರೆ. ಗುತ್‌ಗೊರಿ ಅನ್ನುವ ತಾಳದಲ್ಲಿ ನಾಲ್ಕು ಎಣಿಕೆ, ಒಂದೊಂದರಲ್ಲೂ ಮೂರು ಭಾಗ. ‘ದಂಗ್ ಗಿದಕ್ ಕುಂಗ್ ದರರರ, ಕುಂಗ್ ಗಿದಕ್ ಕುಂಗ್ ದರರರ.’ ಜಂಗ್‌ಗು ಅನ್ನುವ, ನಡು ಸಣ್ಣದಾದ ಚರ್ಮವಾದ್ಯದಲ್ಲಿ ಇದನ್ನು ನುಡಿಸುತ್ತಾರೆ. ತಕಿಟ ತಕಿಟ ಅಂದುಕೊಂಡು ಬೆಳೆದ ಕಿವಿಗೆ ಇದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ತಾಳದ ಮೇಲೆ ಹೋಗಿ ಬೀಳದೆ ಇರುವುದು. ಭರತನಾಟ್ಯದ ಹೆಜ್ಜೆಗಳಾದ ಅಡವುಗಳಲ್ಲಿ ಪೆಟ್ಟು ಮತ್ತು ಪಾದ ಒಟ್ಟಿಗೇ ಸೇರಬೇಕು, ಅಲ್ವಾ? ಇಲ್ಲಿ ಪೆಟ್ಟು ಬಿದ್ದ ಮೇಲೂ ಮೈ ಒಂದಿಷ್ಟು ಹೊತ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬಿಡುತ್ತದೆ. ಆ ಹಿಡಿತವೇ ನೃತ್ಯ.

ಸಾಲ್‌ಪುರಿಯ ಬೇರು ಜನರ ಮೇಲಿನ ಕೆಡುಕನ್ನು ಬಿಡಿಸಲು ಮಾಡುತ್ತಿದ್ದ ಗುತ್ ಪೂಜೆಗಳಲ್ಲಿದೆ. ಆ ಪೂಜೆ ನಡೆಸುವವರು ಹೆಚ್ಚಾಗಿ ಹೆಂಗಸರು, ಮುದಂಗ್ ಅಂತಾರೆ. ರಂಗದ ಮೇಲೆ ನೋಡಿದರೆ ಪೂಜೆಯ ಗದ್ದಲ ಏನೂ ಇಲ್ಲ. ಬಿಳಿ ಬಟ್ಟೆ ಉಟ್ಟ ಒಬ್ಬರು, ಕೈಯಲ್ಲಿ ಒಂದು ಬಿಳಿ ವಸ್ತ್ರ, ಅಷ್ಟೇ. ನಡುವೆ ಒಂದು ಕಡೆ ಆ ವಸ್ತ್ರ ನೆಲಕ್ಕೆ ಬೀಳುತ್ತದೆ. ನೃತ್ಯ ಮಾಡುವವರು ಅದರ ಸುತ್ತ ಸುಳಿದು, ಕುಗ್ಗಿ, ಮಂಡಿಯೂರಿ ಮತ್ತೆ ಎತ್ತಿಕೊಳ್ಳುತ್ತಾರೆ. ಅಭ್ಯಾಸ ಮಾಡುವಾಗ ನನ್ನ ಹೆಚ್ಚಿನ ಸಮಯ ಹೋಗಿದ್ದು ಇದೊಂದಕ್ಕೇ. ವಸ್ತ್ರವನ್ನು ಎಸೆಯುವ ಹಾಗಿಲ್ಲ, ಬೆರಳು ಸಡಿಲಾಗಿ ಅದು ತಾನೇ ಜಾರಬೇಕು. ಎತ್ತಿಕೊಳ್ಳುವಾಗ ಕೈ ಅವಸರ ಮಾಡಿದರೆ ಬಿದ್ದ ಕರವಸ್ತ್ರ ಎತ್ತಿಕೊಂಡ ಹಾಗೆ ಕಾಣುತ್ತದೆ. ಉಸಿರು ಪೂರ್ತಿ ಬಿಟ್ಟು, ಖಾಲಿಯಾದ ಮೇಲೆ ಕೈ ಹೋಗಬೇಕು. ಹಾಗೆ ಹೋದಾಗ ಕಳೆದುಕೊಂಡ ಯಾರನ್ನೋ ಮುಟ್ಟಿದ ಹಾಗಿರುತ್ತದೆ.

ಪ್ರವಾಸಿಗರಿಗೆ ಕೊಡುವ ಪುಸ್ತಿಕೆಗಳಲ್ಲಿ ಇಂಥ ನೃತ್ಯಗಳನ್ನು ಸಾವಿರಾರು ವರ್ಷದ ಪರಂಪರೆ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ನನಗೆ ಅದು ಇಷ್ಟ ಆಗುವುದಿಲ್ಲ. ಬೇರು ಹಳೆಯದು, ನಿಜ. ಆದರೆ ಇಂದು ನಾವು ಕಲಿಯುವ ರೂಪವನ್ನು ಕಟ್ಟಿದವರಿಗೆ ಹೆಸರಿದೆ, ಊರಿದೆ. ಅವರಲ್ಲಿ ಮೊದಲನೆಯವರು ಹಾನ್ ಸೊಂಗ್‌ಜುನ್. 1874ರಲ್ಲಿ ಚುಂಗ್‌ಚೊಂಗ್ ಸೀಮೆಯ ಹೊಂಗ್‌ಸೊಂಗ್‌ನಲ್ಲಿ ಹುಟ್ಟಿದವರು. ಪಾನ್ಸೊರಿ, ಅಂದರೆ ಹಾಡುತ್ತಾ ಕಥೆ ಹೇಳುವ ಕಲೆಯ ಹಾಡುಗಾರರಿಗೆ ಡೋಲು ನುಡಿಸುತ್ತಿದ್ದ ಹೆಸರಾಂತ ವಾದ್ಯಗಾರ. ಜಪಾನಿನ ಆಳ್ವಿಕೆಯ ಕಾಲದಲ್ಲಿ, 1930ರ ದಶಕದಲ್ಲಿ, ಅಂಗಳದಲ್ಲಿ, ಪೂಜೆಯಲ್ಲಿ, ಹಾಡು-ನೃತ್ಯವೇ ಕಸುಬಾಗಿದ್ದ ಗಿಸೆಂಗ್ ಹೆಂಗಸರ ನಡುವೆ ತಾವು ಕಂಡ ನೃತ್ಯಗಳನ್ನು ಕೂಡಿಸಿ ಸಿಯೋಲ್‌ನ ರಂಗಮಂದಿರಕ್ಕೆ ತಂದರು. ಸಾಲ್‌ಪುರಿ, ಭಿಕ್ಷುವಿನ ನೃತ್ಯವಾದ ಸುಂಗ್‌ಮು, ನಾಡಿನ ನೆಮ್ಮದಿ ಕೋರುವ ತೆಪ್ಯೊಂಗ್‌ಮು, ಕೊಕ್ಕರೆ ನೃತ್ಯ, ಎಲ್ಲದರಲ್ಲೂ ಅವರ ಕೈ ಇದೆ. ಅಂಗಳದಲ್ಲಿ ಜನ ಸುತ್ತಲೂ ಕೂರುತ್ತಾರೆ. ರಂಗದಲ್ಲಿ ಎದುರಿಗೆ ಮಾತ್ರ. ಎಲ್ಲಿ ತಿರುಗಬೇಕು, ಎಲ್ಲಿ ಬೆನ್ನು ತೋರಿಸಬೇಕು, ಹೇಗೆ ಮುಗಿಸಬೇಕು, ಎಲ್ಲವನ್ನೂ ಹೊಸದಾಗಿ ಯೋಚಿಸಬೇಕು. ವಾದ್ಯಗಾರ ಕಟ್ಟಿದ ನೃತ್ಯ ಅನ್ನುವುದು ಕಲಿಯುವಾಗ ಗೊತ್ತಾಗುತ್ತದೆ. ತಾಳದ ಒಳಗೆ ಎಲ್ಲಿ ಸುಮ್ನೆ ನಿಲ್ಲಬೇಕು ಅನ್ನುವುದು ಅಷ್ಟು ಖಚಿತ.

ಅವರು ಇದನ್ನು ಮೊಮ್ಮಗಳು ಹಾನ್ ಯಂಗ್‌ಸುಕ್‌ಗೆ ಕೊಟ್ಟರು. ಅವರಿಂದ ಕಲಿತವರಲ್ಲಿ ಒಬ್ಬರು ಲೀ ಏಜು, ಸಿಯೋಲ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದವರು. 1987ರ ಜೂನ್‌ನಲ್ಲಿ ಮಿಲಿಟರಿ ಸರ್ಕಾರದ ವಿರುದ್ಧ ಜನ ಬೀದಿಗಿಳಿದಿದ್ದರು. ಯೊನ್ಸೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀ ಹಾನ್‌ಯೊಲ್ ತಲೆಗೆ ಅಶ್ರುವಾಯು ಶೆಲ್ ಬಡಿದು, ಜುಲೈನಲ್ಲಿ ತೀರಿಕೊಂಡ. ಜುಲೈ 9ರಂದು ಅವನ ಶವಯಾತ್ರೆಯಲ್ಲಿ ಲೀ ಏಜು ನೃತ್ಯ ಮಾಡಿದರು. ಸತ್ತವನ ನೋವನ್ನು ಬಿಡಿಸುವ ನೃತ್ಯ. ಮರುವರ್ಷ 1988ರ ಸಿಯೋಲ್ ಒಲಿಂಪಿಕ್ಸ್ ಸಮಾರೋಪದಲ್ಲಿ ಅವರ ಗುರು ಹಾನ್ ಯಂಗ್‌ಸುಕ್ ಆ ದೊಡ್ಡ ಮೈದಾನದಲ್ಲಿ ಸಾಲ್‌ಪುರಿ ಮಾಡಿದರು. ಒಂದೇ ಗುರುಪರಂಪರೆಯ ನೃತ್ಯ. ಒಂದು ಸಲ ಸರ್ಕಾರದ ಎದುರು ಬೀದಿಯಲ್ಲಿ, ಇನ್ನೊಂದು ಸಲ ಜಗತ್ತಿನ ಎದುರು ದೇಶದ ಪರವಾಗಿ. ಈ ಎರಡನ್ನೂ ತಿಳಿದ ಮೇಲೆ ನನ್ನ ಅಭ್ಯಾಸ ಬದಲಾಯಿತು. ವಸ್ತ್ರ ಹಿಡಿದಾಗ ಚೆನ್ನಾಗಿ ಕಾಣುತ್ತಿದ್ದೇನಾ ಅಂತ ಕನ್ನಡಿ ನೋಡುವುದು ಬಿಟ್ಟೆ.

ಇನ್ನೊಂದು ಧಾರೆ ದಕ್ಷಿಣದ ಜೊಲ್ಲಾ ಸೀಮೆಯದು. ಮೊಕ್ಪೊ ಊರಿನ ಲೀ ಮೆಬಂಗ್ ಹುಡುಗನಾಗಿದ್ದಾಗಲೇ ಗ್ವೊನ್‌ಬೊನ್‌ನಲ್ಲಿ, ಅಂದರೆ ಗಿಸೆಂಗ್ ಹೆಂಗಸರು ಹಾಡು-ನೃತ್ಯ ಕಲಿಯುತ್ತಿದ್ದ ಶಾಲೆಯಲ್ಲಿ, ಕಲಿತವರು. ಹಾನ್ ಯಂಗ್‌ಸುಕ್ ಅವರ ಶೈಲಿ ತಿಳಿಯಾಗಿ, ಗಂಭೀರವಾಗಿದ್ದರೆ ಲೀ ಮೆಬಂಗ್ ಅವರದ್ದರಲ್ಲಿ ಬಳುಕು ಜಾಸ್ತಿ, ಕುಸುರಿ ಜಾಸ್ತಿ. ಇಲ್ಲಿ ಶೈಲಿಗೆ ಕಟ್ಟಿದವರ ಹೆಸರನ್ನೇ ಇಡುತ್ತಾರೆ. ಯಾವ ಸಾಲ್‌ಪುರಿ ಕಲಿಯುತ್ತಿದ್ದೀಯ ಅಂದರೆ ಯಾರದು ಅಂತಲೇ ಹೇಳಬೇಕು. ಅದು ನನಗೆ ತುಂಬ ಹಿಡಿಸಿತು.

ಆದರೆ ಆ ಗ್ವೊನ್‌ಬೊನ್ ಹೆಂಗಸರಲ್ಲಿ ಎಷ್ಟೋ ಜನರ ಹೆಸರು ಯಾವ ಶೈಲಿಯ ಮೇಲೂ ಇಲ್ಲ. ಅವರನ್ನು ಸಮಾಜ ಕೀಳಾಗಿ ಕಂಡಿತು, ಅವರ ನೃತ್ಯವನ್ನು ಮಾತ್ರ ಉಳಿಸಿಕೊಂಡಿತು. ಮೈಸೂರಿನವಳಿಗೆ ಇದು ಹೊಸ ಸಂಗತಿ ಏನಲ್ಲ. ಅರಮನೆಯಲ್ಲಿ ನರ್ತಿಸಿದ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮನವರ ಹೆಸರು ಉಳಿಯಿತು. ಅವರ ಸುತ್ತ ಇದ್ದ ಉಳಿದವರ ಹೆಸರು ಯಾರಿಗೆ ಗೊತ್ತು?

1962ರಲ್ಲಿ ಬಂದ ಕಾನೂನಿನೊಂದಿಗೆ ಕೊರಿಯಾ ಸರ್ಕಾರ ಇಂಥ ಕಲೆಗಳನ್ನು ಅಧಿಕೃತವಾಗಿ ಗುರುತಿಸಲು ಶುರು ಮಾಡಿತು. ಸುಂಗ್‌ಮು 1969ರಲ್ಲಿ, ಸಾಲ್‌ಪುರಿ 1990ರಲ್ಲಿ ಪಟ್ಟಿಗೆ ಸೇರಿದವು. ಪರಿಣತರನ್ನು ಹೆಸರಿಸಿ, ಶಿಷ್ಯರಿಗೆ ಕಲಿಸುವ ಹೊಣೆ ಕೊಡುತ್ತಾರೆ. ಇದರಿಂದ ನೃತ್ಯ ಉಳಿದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುರು ಮಾಡಿದ ಹಾಗೇ ಮಾಡಬೇಕು ಅನ್ನುವ ಬಿಗಿಯೂ ಬಂದಿದೆ. ಹಾನ್ ಸೊಂಗ್‌ಜುನ್ ಕಂಡದ್ದನ್ನು ಕಂಡ ಹಾಗೇ ಇಟ್ಟಿದ್ದರೆ ನಮಗೆ ಈ ನೃತ್ಯ ಸಿಗುತ್ತಲೇ ಇರಲಿಲ್ಲ ಅಂತ ನಾನು ತರಗತಿಯಲ್ಲಿ ವಾದ ಮಾಡುವುದಿದೆ. ಎಲ್ಲರ ಮೆಚ್ಚಿನ ಬೀಸಣಿಗೆ ನೃತ್ಯವನ್ನೇ ನೋಡಿ. ಹಳೆಯ ಕಾಲದ್ದು ಅಂತ ನಾವು ಅಂದುಕೊಳ್ಳುವ ಅದನ್ನು ಕಿಮ್ ಬೆಕ್‌ಬೊಂಗ್ ಕಟ್ಟಿದ್ದು 1954ರಲ್ಲಿ.

ಈಗ ಸುಂಗ್‌ಮು ಶುರು ಮಾಡಿದ್ದೇನೆ. ಬೌದ್ಧ ಭಿಕ್ಷುವಿನ ಉಡುಪು, ಬಿಳಿ ಟೊಪ್ಪಿಗೆ, ನೆಲ ಮುಟ್ಟುವ ಉದ್ದ ತೋಳು. ತೋಳಿನ ಒಳಗೆ ಡೋಲಿನ ಕಡ್ಡಿಗಳನ್ನು ಹಿಡಿದಿರುತ್ತೇವೆ, ತೋಳು ಹಾರಲು ಅದೇ ಆಧಾರ. ಮಣಿಕಟ್ಟು ಮೊದಲು ಹೊರಟರೆ ಬಟ್ಟೆ ಸುತ್ತಿಕೊಳ್ಳುತ್ತದೆ. ಬೆನ್ನಿನಿಂದ ಹೊರಟರೆ ತೋಳು ಮೇಲೇರಿ, ಒಂದು ಕ್ಷಣ ತೂಗಿ, ಬಿಡಿಸಿಕೊಂಡು ಬೀಳುತ್ತದೆ. ಕೊನೆಯಲ್ಲಿ ಆ ಕಡ್ಡಿಗಳಿಂದಲೇ ದೊಡ್ಡ ಡೋಲು ಬಾರಿಸಬೇಕು. ಗುರುಗಳು ಇನ್ನೂ ಡೋಲಿನ ಹತ್ತಿರ ಬಿಟ್ಟಿಲ್ಲ. ‘ಮೊದಲು ತೋಳು,’ ಅನ್ನುತ್ತಾರೆ.

ನಿಮ್ಮಲ್ಲಿ ಯಾರಾದರೂ ಸಿಯೋಲ್‌ಗೆ ಬಂದರೆ ಅಲ್ಲಿನ ಸೋಚೋ ಭಾಗದಲ್ಲಿರುವ ಸಾಂಪ್ರದಾಯಿಕ ಸಂಗೀತ-ನೃತ್ಯದ ಕೇಂದ್ರ, ನ್ಯಾಷನಲ್ ಗುಗಾಕ್ ಸೆಂಟರ್‌ನಲ್ಲಿ ಒಂದು ಕಾರ್ಯಕ್ರಮ ನೋಡಿ. ಮುಖ, ಬಟ್ಟೆ ಎಲ್ಲ ಆಮೇಲೆ. ಮೊದಲು ಲಂಗದ ಅಂಚಿನ ಕೆಳಗೆ ಬೊಸನ್ ಹೇಗೆ ಇಳಿಯುತ್ತದೆ ಅಂತ ನೋಡಿ. ಹಾನ್ ಯಂಗ್‌ಸುಕ್ ಶೈಲಿ, ಲೀ ಮೆಬಂಗ್ ಶೈಲಿ ಎರಡೂ ನೋಡಲು ಸಿಕ್ಕಿದರೆ ಇನ್ನೂ ಒಳ್ಳೆಯದು.