ಹಿರಿಯರಿಗೆ ನಾನೇ ಮೋಸದ ಮೆಸೇಜ್ ಕಳಿಸಿ ಪಳಗಿಸಿದ್ದು: ನನ್ನ ಅನುಭವ

65 ದಾಟಿದವರಿಗೆ ವಾಟ್ಸಾಪ್, ಫೇಸ್‌ಬುಕ್ ಕಲಿಸುತ್ತೇನೆ. ಅಭ್ಯಾಸಕ್ಕೆಂದು ಆಗಾಗ ನಾನೇ ಮೋಸದ ಮೆಸೇಜ್ ಕಳಿಸುತ್ತೇನೆ ಅಂದಾಗ ಜೊತೆಯವರೇ ಬೇಡ ಅಂದರು. "ಹೆದರಿ ಫೋನ್ ಮುಟ್ಟೋದನ್ನೇ ಬಿಡ್ತಾರೆ ನೋಡಿ" ಅಂದವರೇ ಜಾಸ್ತಿ. ಎರಡು ವರ್ಷದ ಮೇಲಾಯಿತು, ಹತ್ತಿರ ಹತ್ತಿರ 40 ಜನ ಕಲಿತಿದ್ದಾರೆ. ಹೀಗೆ ಪಳಗಿದವರಲ್ಲಿ ದುಡ್ಡು ಕಳೆದುಕೊಂಡವರು ನನಗೆ ತಿಳಿದಂತೆ ಒಬ್ಬರೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊದಲು ಎಲ್ಲರ ಹಾಗೆ ಪಾಠವೇ ಮಾಡುತ್ತಿದ್ದೆ. ಒಟಿಪಿ ಕೊಡಬೇಡಿ, ಲಿಂಕ್ ಒತ್ತಬೇಡಿ ಅಂತ ಚೀಟಿ ಅಚ್ಚು ಹಾಕಿಸಿದೆ. ಪ್ರೊಜೆಕ್ಟರ್ ಬಾಡಿಗೆಗೂ ಕೈಯಿಂದಲೇ ದುಡ್ಡು ಹೋಯಿತು. ತಿಂಗಳೊಳಗೆ ಅದೇ ಬ್ಯಾಚಿನ ನಿವೃತ್ತ ಮೇಷ್ಟ್ರೊಬ್ಬರು ಹೆಚ್ಚುಕಮ್ಮಿ ಎರಡು ತಿಂಗಳ ಪಿಂಚಣಿ ಕಳೆದುಕೊಂಡರು. "ಅಪ್ಪಾ, ಫೋನ್ ಕೆಟ್ಟಿದೆ, ಇದು ಹೊಸ ನಂಬರ್, ಅರ್ಜೆಂಟ್" ಅಂತ ಮೆಸೇಜ್, ಪಕ್ಕದಲ್ಲಿ ಮಗನದೇ ಫೋಟೋ. ನಾನು ಕೊಟ್ಟ ಚೀಟಿ ಜೇಬಿನಲ್ಲೇ ಇತ್ತು.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಮಗ ಆ ಫೋನ್ ಕಿತ್ತುಕೊಂಡು ಬಟನ್ ಫೋನ್ ಕೊಟ್ಟ. ಮೊಮ್ಮಗಳ ಜೊತೆ ಸಂಜೆಯ ವಿಡಿಯೋ ಕಾಲ್ ನಿಂತಿತು, ಹಳೇ ಗೆಳೆಯರ ಗುಂಪು ತಪ್ಪಿತು. ಮನುಷ್ಯ ಮಂಕಾಗಿಬಿಟ್ಟರು. ಹೋದ ದುಡ್ಡಿಗಿಂತ ಈ ನಷ್ಟವೇ ದೊಡ್ಡದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಿಯಮ ಅವರಿಗೆ ಗೊತ್ತಿತ್ತು, ಅಲ್ವಾ? ಗಾಬರಿಯಲ್ಲಿ ಬೆರಳು ಮುಂದೆ ಹೋಯಿತು. ಹಾಗಾಗಿ ಬೆರಳಿಗೇ ಪಾಠ ಆಗಬೇಕು. ದಡದಲ್ಲಿ ಕೂರಿಸಿ ಈಜು ಕಲಿಸೋಕಾಗಲ್ಲ.

ವಾಟ್ಸಾಪ್ ಸೆಟ್ಟಿಂಗ್ಸ್ ನಿಮಗೆ ಗೊತ್ತೇ ಇದೆ: ಖಾತೆ ಬೇರೆಯವರ ಕೈಗೆ ಹೋಗದ ಹಾಗೆ 6 ಅಂಕಿಯ ಪಿನ್ (ಟು-ಸ್ಟೆಪ್ ವೆರಿಫಿಕೇಶನ್), ಪರಿಚಿತರು ಮಾತ್ರ ಗುಂಪಿಗೆ ಸೇರಿಸುವ ಹಾಗೆ, ಅಪರಿಚಿತ ಕರೆ ಸೈಲೆಂಟ್. ಪಿನ್ ಮರೆತೇ ಮರೆಯುತ್ತಾರೆ, ಮತ್ತೆ ಹೊಸದು ಇಡೋಕೆ ಆಗುವ ಹಾಗೆ ಪಿನ್ ಇಡುವಾಗಲೇ ಒಂದು ಇಮೇಲ್ ಸೇರಿಸಿಡಿ.

ಮೋಸದ ಮೆಸೇಜಿನ ಅಭ್ಯಾಸಕ್ಕೆ ನನಗೆ ಖರ್ಚು ಒಂದು ಹೆಚ್ಚುವರಿ ಸಿಮ್ ಮಾತ್ರ. "ಈ ತಿಂಗಳು ಯಾವಾಗಲೋ ನಿಮಗೆ ಮೋಸ ಮಾಡೋಕೆ ನೋಡ್ತೀನಿ, ಸರಿನಾ?" ಅಂತ ಮೊದಲೇ ಒಪ್ಪಿಗೆ ಪಡೆಯುತ್ತೇನೆ. ಮನೆಯವರಿಗೂ ತಿಳಿಸಿರುತ್ತೇನೆ. ಸಿಕ್ಕಿಬಿದ್ದವರ ಜೊತೆ ಮರುದಿನ ಒಬ್ಬರೇ ಇದ್ದಾಗ ಕೂತು ಆ ಮೆಸೇಜನ್ನೇ ಸಾಲು ಸಾಲಾಗಿ ಓದುತ್ತೇವೆ. ಯಾವ ಸಾಲಿನಲ್ಲಿ ಎದೆ ಹೊಡೆದುಕೊಂಡಿತು ಅಂತ ಕೇಳುತ್ತೇನೆ. ಬಹಳಷ್ಟು ಜನ "ಅರ್ಜೆಂಟ್" ಅನ್ನುವಲ್ಲೇ ಬೆರಳಿಡುತ್ತಾರೆ. ಯಾರು ಸಿಕ್ಕಿಬಿದ್ದರು ಅಂತ ಗುಂಪಿನಲ್ಲಿ ಎತ್ತುವುದಿಲ್ಲ, ಮಕ್ಕಳಿಗೂ ಹೇಳುವುದಿಲ್ಲ. ಮಾನ ಹೋಯಿತು ಅನ್ನಿಸಿದರೆ ನಿಜವಾದ ಮೋಸವನ್ನೂ ಮುಚ್ಚಿಡುತ್ತಾರೆ.

ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಿಕ್ಕಿಬಿದ್ದರು. ಮೂರನೇ ಸುತ್ತಿಗೆ ಒಬ್ಬಿಬ್ಬರು. ಉಳಿದವರು ಉತ್ತರ ಕೊಡದೆ ಮಗನ ಹಳೇ ನಂಬರಿಗೇ ಫೋನ್ ಮಾಡಿದರು. ಕಲಿಸಬೇಕಾದ್ದು ಅದೊಂದೇ. ಯಾವ ಹೊತ್ತಿಗೆ, ಯಾವ ಮಾತಿನಲ್ಲಿ ಕಳಿಸುತ್ತೇನೆ ಅನ್ನುವುದು ಇಲ್ಲಿ ಬೇಡ, ನನ್ನ ಹಿರಿಯರೂ ಇದನ್ನು ಓದುತ್ತಾರೆ. ವಾಟ್ಸಾಪಿಗೆ 2023ರಲ್ಲಿ ಸ್ಕ್ರೀನ್ ಶೇರ್, ಅಂದರೆ ವಿಡಿಯೋ ಕಾಲ್‌ನಲ್ಲೇ ನಮ್ಮ ಪರದೆ ತೋರಿಸುವ ಸೌಲಭ್ಯ, ಬಂದ ಮೇಲೆ ಮೋಸದ ಕಾಲ್ ಅಭ್ಯಾಸವನ್ನೂ ಸೇರಿಸಿದೆ. ಪರದೆ ತೋರಿಸಿದರೆ ಒಟಿಪಿಯೂ ಆ ಕಡೆಯವನಿಗೆ ಕಾಣುತ್ತದೆ. "ಸ್ಕ್ರೀನ್ ತೋರಿಸಿ" ಅಂದ ಕೂಡಲೇ ಫೋನ್ ಇಡಬೇಕು, ಮರ್ಯಾದೆ ನೋಡಬಾರದು.

ನಡುವೆ ಫಾರ್ವರ್ಡ್‌ಗಳ ಮೇಲೂ ಒಂದು ಪ್ರಯೋಗ ಮಾಡಿದೆ. ಅಮೆರಿಕದ 2016ರ ಚುನಾವಣೆ ಕುರಿತ ಅಧ್ಯಯನವೊಂದು 2019ರಲ್ಲಿ ಬಂತು. ಫೇಸ್‌ಬುಕ್‌ನಲ್ಲಿ 65 ದಾಟಿದವರು ತೀರಾ ಕಿರಿಯರಿಗಿಂತ ಸುಮಾರು 7 ಪಟ್ಟು ಹೆಚ್ಚು ಸುಳ್ಳು ಸುದ್ದಿ ಹಂಚಿದ್ದರಂತೆ. ಎಲ್ಲರೂ ಇದನ್ನೇ ಎತ್ತಿ ಹೇಳುತ್ತಾರೆ. ಒಟ್ಟಾರೆ ಹತ್ತರಲ್ಲಿ ಒಂಬತ್ತು ಮಂದಿ ಒಂದನ್ನೂ ಹಂಚಿರಲಿಲ್ಲ ಅಂತಲೂ ಅದರಲ್ಲೇ ಇದೆ, ಅದನ್ನು ಯಾರೂ ಹೇಳಲ್ಲ. ನನ್ನ ಗುಂಪಿನ ಅಮ್ಮ ಒಬ್ಬರು ಫಾರ್ವರ್ಡ್ ನಂಬಿ ಬಿಪಿ ಮಾತ್ರೆ ಬಿಟ್ಟಿದ್ದರು. ತುಂಬಾ ಸಲ ಫಾರ್ವರ್ಡ್ ಆಗಿದೆ ಅನ್ನುವ ಎರಡು ಬಾಣದ ಗುರುತು ಕಂಡರೆ ಕಳಿಸಿದವರಿಗೆ "ನಿಮಗಿದು ಎಲ್ಲಿಂದ ಬಂತು?" ಅಂತ ಕೇಳಿ ಅಂದೆ, ಅಷ್ಟೇ. ಕೇಳುತ್ತಾ ಕೇಳುತ್ತಾ ಅವರ ಗುಂಪಿನಲ್ಲಿ ಫಾರ್ವರ್ಡ್ ತಾನಾಗಿಯೇ ಕಮ್ಮಿಯಾಯಿತು. ರಾತ್ರಿ ವಿಡಿಯೋ ನೋಡುವುದು ತಗ್ಗಲಿ ಅಂತ ಪರದೆಯನ್ನು ಕಪ್ಪು-ಬಿಳುಪು ಮಾಡಿದ್ದು ಮಾತ್ರ ನಡೆಯಲಿಲ್ಲ. ಮೊಮ್ಮಕ್ಕಳ ಫೋಟೋಗೆ ಬಣ್ಣ ಬೇಕೇ ಬೇಕು.

ಮರೆವಿನ ಕಾಯಿಲೆ ಶುರುವಾದವರಿಗೆ ಈ ಅಭ್ಯಾಸ ಬೇಡ. ಒಪ್ಪಿಗೆ ಕೊಟ್ಟದ್ದೇ ನೆನಪಿರದೆ ಸುಮ್ನೆ ನಡುಗುತ್ತಾರೆ. ಅವರ ಫೋನಿನಲ್ಲಿ ದುಡ್ಡಿನ ಆ್ಯಪ್ ತೆಗೆಸಿ, ಮನೆಯವರ ನಾಲ್ಕೈದು ನಂಬರ್ ಮತ್ತು ವಿಡಿಯೋ ಕಾಲ್ ಉಳಿಸುತ್ತೇನೆ.